ಮತ್ತೋಡಿನ ಸದ್ದಿಲ್ಲದ ಗಾಡಿ

ಎರಡು ಸಾವಿರದ ಆರನೇ ಇಸವಿಯ ಮಾಗಿ, ಚಳಿ ಬಿಟ್ಟು ಬಿಸಿಲು ಏರುವ ಹೊತ್ತು. ಹೊಸದುರ್ಗದಲ್ಲಿ ಪತ್ತೇದಾರ ಪಾಲಯ್ಯನವರ ಮನೆ ಮುಂದೆ ಡ್ರೈವರ್ ಬೋರಪ್ಪ ಜೀಪು ಒರೆಸುತ್ತಿದ್ದ. ಮತ್ತೋಡಿನ ರಂಗಕ್ಕ ಬಸ್ಸಿಳಿದು ಓಡಿಬಂದಳು. ಅವಳ ಸೆರಗೆಲ್ಲ ರಕ್ತ.

"ನನ್ನ ಮಗನ್ನ ಕಟ್ಟಾಕಿ ಬಡೀತಾವ್ರೆ ಸಾಮಿ! ನಿರಂಜನನ್ನ ಕೊಂದೋನು ಇವನೇ ಅಂತ."

"ಈ ರಕ್ತ ಯಾರದಮ್ಮ?" ಪಾಲಯ್ಯ ಹೊರಗೆ ಬಂದು ಕೇಳಿದರು.

"ಮಗಂದೇ. ಅಡ್ಡ ಬಿದ್ದೆ, ಬಿಡಿಸ್ಕಳ್ಳಾಕೆ ಆಗ್ಲಿಲ್ಲ."

"ಬೋರಪ್ಪ, ಹೋಗಾಣ."

ಠಾಣೆಗೆ ಸುದ್ದಿ ಮುಟ್ಟಿಸಿ ಜೀಪು ಊರು ಬಿಟ್ಟಿತು. ದಾರಿಯಲ್ಲಿ ರಂಗಕ್ಕ ಬಿಕ್ಕುತ್ತ ಎಲ್ಲ ಹೇಳಿದಳು. ಅವಳ ಮಗ ಮೋಹನ್‌ಕುಮಾರ್, ಅವನ ಗೆಳೆಯ ನಿರಂಜನ್, ಇಬ್ಬರೂ ಸೇರಿ ಹಳೇ ಬೈಕಿನ ಮುಂದಿನ ಚಕ್ರದೊಳಗೆ ಬ್ಯಾಟರಿ ಮೋಟಾರು ಕೂರಿಸಿದ್ದರು. ಪೆಟ್ರೋಲ್ ಎಂಜಿನ್ನೂ ಉಂಟು, ಮೋಟಾರೂ ಉಂಟು. ಬ್ರಶ್ ಇಲ್ಲದ ಮೋಟಾರು. ಒಳಗೆ ಉಜ್ಜಾಟವಿಲ್ಲ, ಕರೆಂಟು ಪೋಲಾಗುವುದಿಲ್ಲ, ಮೋಟಾರಿನ ಮೇಲೆ ಗಾಡಿ ಹೋದರೆ ಸದ್ದೂ ಇಲ್ಲ. ಆ ಸದ್ದಿಲ್ಲದ ಗಾಡಿ ಕಾರ್ತಿಕದಲ್ಲಿ ಚಿತ್ತಮ್ಮನೆಂಬ ಮುದುಕಿಗೆ ಹಿಂದಿನಿಂದ ಗುದ್ದಿತ್ತು. ಕುರಿ ಹೊಡೆದುಕೊಂಡು ಹೋಗುತ್ತಿದ್ದವಳು ಅಲ್ಲೇ ಸತ್ತಳು. ಓಡಿಸಿದ್ದು ನಿರಂಜನ್. ಊರವರು ಕೂತು ಅವಳ ಗಂಡನಿಗೂ ನಿರಂಜನನಿಗೂ ರಾಜಿ ಮಾಡಿಸಿದರು.

"ಗಾಡಿಗೆ ಸದ್ದು ಕೂಡಿಸಾಣ ಅಂತ ನನ್ನ ಮಗ. ಸದ್ದಿಲ್ದಿರೋದೇ ಇದರ ಗತ್ತು ಅಂತ ಅವನು. ನೆನ್ನೆ ಸಂಜೆ ಕೈ ಕೈ ಮಿಲಾಯಿಸಿದ್ರು. ಬೆಳಿಗ್ಗೆ ಇವನು ಗಾಡಿ ಕೆಲಸದ ಶೆಡ್ಡಿಗೆ ಹೋದ್ರೆ ನಿರಂಜನ್ ತಲೆ ಒಡೆದು ಬಿದ್ದಿದ್ನಂತೆ. ಎತ್ತಾಕೆ ಹೋಗಿ ಕೈಯೆಲ್ಲ ರಕ್ತ ಮಾಡ್ಕಂಡ."

ಶೆಡ್ಡಿನ ಮುಂದಿನ ಕಂಬಕ್ಕೆ ಮೋಹನ್‌ಕುಮಾರನನ್ನು ಕಟ್ಟಿದ್ದರು. ಒಂದು ಕಣ್ಣು ಊದಿ ಮುಚ್ಚಿತ್ತು. ಬಲಗೈ ಬೆರಳುಗಳು ಒಂದೊಂದು ದಿಕ್ಕಿಗೆ ಸೊಟ್ಟಗಿದ್ದವು. ಸತ್ತವನ ಸೋದರಮಾವ ಕೆಂಚಪ್ಪ ಬೈಕಿನ ಚೈನು ಮುಷ್ಟಿಗೆ ಸುತ್ತಿ ಮತ್ತೆ ಕೈ ಎತ್ತಿದ್ದ. ಪಾಲಯ್ಯ ನಡುವೆ ಹೋಗಿ ನಿಂತರು.

"ಇವನನ್ನ ಕೊಂದ್ರೆ ನಿಜವಾದೋನು ನೆಮ್ಮದಿಯಾಗಿ ಮನೇಗೆ ಹೋಗ್ತಾನೆ ಕೆಂಚಪ್ಪ. ಪೊಲೀಸ್ನೋರು ಬರೋತಂಕ ತಡಿ."

"ನಿಜವಾದೋನು ಇಲ್ಲೇ ಕಂಬದಾಗೆ ಅವ್ನೆ!"

ಆದರೂ ಚೈನು ಕೆಳಗಿಳಿಯಿತು.

ಒಳಗಿನ ವಾಸನೆಗೆ ಬೋರಪ್ಪ ಮೂಗು ಮುಚ್ಚಿಕೊಂಡ. ನಿರಂಜನನ ನೆತ್ತಿ ಕಮಾನಿನ ಆಕಾರದಲ್ಲಿ ಒಳಗೆ ಕುಸಿದಿತ್ತು; ಮಿದುಳು ಸಿಮೆಂಟು ನೆಲಕ್ಕೆ ಹತ್ತಿತ್ತು. ಪಕ್ಕದಲ್ಲಿ ಬಿಚ್ಚಿದ ಮೋಟಾರು. ಅದರ ಹೊರಬಳೆ, ಒಳಸುತ್ತಿಗೆಲ್ಲ ಅಯಸ್ಕಾಂತ ಅಂಟಿಸಿದ ಭಾರವಾದ ಕಬ್ಬಿಣದ ಬಳೆ, ಮೇಜಿಗೆ ಬಿಗಿದಿದ್ದ ಉಕ್ಕಿನ ಇಕ್ಕಳಕ್ಕೆ ಕಚ್ಚಿಕೊಂಡು ನಿಂತಿತ್ತು. ಬೋರಪ್ಪ ಎಳೆದ, ಬರಲಿಲ್ಲ. ಇಬ್ಬರೂ ಸೇರಿ ಕಿತ್ತರು. ಹೊರಮೈ ಫಳಫಳ ಬೆಳಗಿದಂತಿತ್ತು. ಒಳಗೆ ಮಾತ್ರ ಕರಿಮರಳು ಹಂದಿಕೂದಲಿನ ಹಾಗೆ ನಿಮಿರಿತ್ತು. ಕಚ್ಚಿದ್ದ ಜಾಗದಲ್ಲಿ ಒಂದು ಉಗುರು, ಅದರ ಜೊತೆ ಒಂದಿಷ್ಟು ಮಾಂಸ. ಬಾಗಿಲ ಪಕ್ಕ ನೀರಿನ ಡ್ರಮ್ಮು ತುಂಬಿತ್ತು, ಮೇಲೆ ಸೋಪು.

"ಈ ಬಳೆ ಎಲ್ಲಿಡ್ತಿದ್ರಪ್ಪ?" ಪಾಲಯ್ಯ ಕಂಬದ ಬಳಿ ಬಂದು ಕೇಳಿದರು.

"ಮರದ ಪೆಟ್ಟಿಗೇಲಿ. ಕಬ್ಬಿಣದ ಹತ್ರ ಬಿಡಲ್ಲ, ಮಣ್ಣೂ ಸೋಕಿಸಲ್ಲ," ಎಂದು ಮೋಹನ್‌ಕುಮಾರ್ ಉಸುರಿದ.

"ಎಲ್ಲರಿಗೂ ಚಾ ತರಿಸ್ರಿ," ಎಂದರು ಪಾಲಯ್ಯ.

"ಹೆಣದ ಮುಂದೆ ಚಾ ಕುಡಿಯಾಕೆ ಬಂದ್ರೇನ್ರಿ?" ಕೆಂಚಪ್ಪ ಉಗಿದ.

ಆದರೂ ಚಾ ಬಂತು. ಬೋರಪ್ಪನೇ ಹಂಚಿದ. ಚಿತ್ತಮ್ಮನ ಗಂಡ ಯತ್ತಪ್ಪ ಕಂಬಳಿ ಹೊದ್ದು ಗೋಡೆಗೆ ಒರಗಿದ್ದ. ಲೋಟಕ್ಕೆ ಎಡಗೈ ಚಾಚಿದ. ಇಷ್ಟು ವಯಸ್ಸಾದವನು ಎಡಗೈ ನೀಡುತ್ತಾನಲ್ಲ ಎಂದು ಬೋರಪ್ಪನಿಗೆ ಇರುಸುಮುರುಸಾಯಿತು. ಅಷ್ಟರಲ್ಲಿ ಪೊಲೀಸ್ ಜೀಪೂ ಬಂತು.

"ಎಲ್ಲಾ ಕುಂತ್ಕಳ್ರಿ," ಪಾಲಯ್ಯ ಬಳೆಯನ್ನು ಮರದ ಹಲಗೆಯ ಮೇಲಿಟ್ಟರು. "ನಿರಂಜನನ ನೆತ್ತಿಯ ಗಾಯಕ್ಕೆ ಈ ಬಳೆಯ ಅಂಚು ಸರಿಯಾಗಿ ಕೂರುತ್ತೆ. ಕೊಂದೋನು ಇದನ್ನ ತೊಳೆದ. ಬಾಗಿಲಲ್ಲೇ ನೀರು, ಸೋಪು ಇದ್ದರೂ ಹಳ್ಳಕ್ಕೆ ಹೋಗಿ, ಪಾತ್ರೆ ಬೆಳಗೋ ಹಾಗೆ ಮರಳು ಹಾಕಿ ತಿಕ್ಕಿದ. ಹಳ್ಳದ ಮರಳಲ್ಲಿ ಕಬ್ಬಿಣ ಐತೆ. ರಕ್ತ ಹೋಯ್ತು, ಕರಿಮರಳು ಅಯಸ್ಕಾಂತ ಬಿಡಲಿಲ್ಲ. ಈ ಮೋಟಾರು ಕಟ್ಟಿದ ಮೋಹನ್‌ಕುಮಾರ್ ಅಯಸ್ಕಾಂತಕ್ಕೆ ಮರಳು ಸೋಕಿಸಲ್ಲ. ಆಮೇಲೆ ಕೊಂದೋನು ಏನೂ ಆಗಿಲ್ಲ ಅನ್ನೋ ಹಾಗೆ ಮೇಜಿನ ಮೇಲಿಡಾಕೆ ಹೋದ. ಬಳೆ ಹೋಗಿ ಇಕ್ಕಳಕ್ಕೆ ಕಚ್ತು, ನಡುವೆ ಹೆಬ್ಬೆರಳು ಸಿಕ್ತು. ಮೋಹನ್‌ಕುಮಾರನ ಕೈಯ ಮೂಳೆ ಮುರಿದೈತೆ, ಉಗುರು ಎಲ್ಲಾ ಅವೆ. ಯತ್ತಪ್ಪ, ಚಾ ಲೋಟಕ್ಕೆ ಎಡಗೈ ಚಾಚಿದ್ಯಲ್ಲ, ಬಲಗೈ ತೆಗಿ."

ಕಂಬಳಿಯೊಳಗಿಂದ ಬಂದದ್ದು ಎಡಗೈ, ಅದರಲ್ಲಿ ಕುಡುಗೋಲು. ಮುದುಕ ಕಂಬದಲ್ಲಿದ್ದ ಮೋಹನ್‌ಕುಮಾರನತ್ತ ನುಗ್ಗಿದ. ಬೋರಪ್ಪ ಅಡ್ಡ ಬಿದ್ದ; ಅವನ ಮೊಳಕೈ ಸೀಳಿ ರಕ್ತ ಚಿಮ್ಮಿತು. ಪೇದೆಗಳು ಯತ್ತಪ್ಪನನ್ನು ನೆಲಕ್ಕೆ ಒತ್ತಿದರು. ಬಲ ಹೆಬ್ಬೆರಳು ಅರಿಶಿನದ ಬಟ್ಟೆಯೊಳಗೆ ಜಜ್ಜಿಹೋಗಿತ್ತು.

"ತಪ್ಪಾಯ್ತು ಅನ್ನು ಅಂತ ರಾತ್ರಿ ಆ ನಿರಂಜನನ್ನ ಕೇಳಿದೆ," ಮಣ್ಣಿನಲ್ಲಿ ಮುಖವಿಟ್ಟು ಯತ್ತಪ್ಪ ಅರಚಿದ. "'ಮುದುಕೀಗೆ ಕಿವುಡು ಬಿಡಜ್ಜ' ಅಂದ. ಹಟ್ಟಿ ಆಚೆ ಮರಿ ಅತ್ರೆ ಅವಳಿಗೆ ಕೇಳ್ತಿತ್ತು ಕಣ್ರಿ!"

"ಮೋಹನ ಏನು ಮಾಡಿದ್ದ?" ಪಾಲಯ್ಯ ಕೇಳಿದರು.

"ಓಡಿಸಿದೋನು ಅವನು. ಸದ್ದು ಕಿತ್ತೋನು ಇವನಲ್ವಾ?"

ಪಾಲಯ್ಯ ಮೋಹನ್‌ಕುಮಾರನ ಕಟ್ಟು ಬಿಚ್ಚಿದರು. ಪೊಲೀಸರು ಯತ್ತಪ್ಪನನ್ನು ಕರೆದೊಯ್ದರು.

ಮೋಹನ್‌ಕುಮಾರನ ಬೆರಳುಗಳು ಇನ್ನು ಮೋಟಾರಿನ ತಂತಿ ಸುತ್ತಲಾರವು ಎಂದರು ವೈದ್ಯರು. ಅಮಾವಾಸ್ಯೆ ಕಳೆದ ಸೋಮವಾರ ತಾಯಿ ಮಗ ಹರಿಯಬ್ಬೆಗೆ, ರಂಗಕ್ಕನ ತವರಿಗೆ ಹೊರಟರು. ಬಸ್ಸು ಬಂದಾಗ ಕೆಂಚಪ್ಪ ಓಡಿಬಂದು ಅವರ ಟ್ರಂಕಿಗೆ ಕೈ ಹಾಕಿದ.

"ಬಿಡಪ್ಪ, ನಿನ್ನ ಕೈ ಬ್ಯಾಡ," ಎಂದಳು ರಂಗಕ್ಕ. ಟ್ರಂಕು ತಾನೇ ಎತ್ತಿ ತಲೆ ಮೇಲಿಟ್ಟುಕೊಂಡು, ಮಗನನ್ನು ಮುಂದೆ ಬಿಟ್ಟು ಬಸ್ಸು ಹತ್ತಿದಳು.