ಕಾಯುಗ ಬಚ್ಚಿಟ್ಟ ಕರೆಂಟು

ಹೊತ್ತು ಇನ್ನೂ ಇಳಿದಿರಲಿಲ್ಲ. ಆಗಲೇ ಕಾಯುಗದ ಫಲಕದ ಮೇಲೆ ಕೆಂಪು ಅಕ್ಷರ ಮೂಡಿತು: ‘ಬ್ಯಾಟರಿ ಖಾಲಿ’. ಮರುಕ್ಷಣ ಬೊಳ್ಳಕುದ್ರುವಿನ ಮೀನಿನ ಶೈತ್ಯಾಗಾರ ಸ್ತಬ್ಧವಾಯಿತು.

ಹೊಳೆಯ ನಡುವಿನ ಆ ಕುದ್ರುವಿಗೆ ಹೊರಗಿನ ವಿದ್ಯುತ್ ತಂತಿ ಬಂದಿರಲಿಲ್ಲ. ಬಿಸಿಲಿನಿಂದ ಬಂದ ಕರೆಂಟನ್ನು ಬ್ಯಾಟರಿ ಸಾಲಿಗೆ ತುಂಬುವ ಯಂತ್ರವೇ ಕಾಯುಗ. ಅದು ಬರಿಯ ಚಾರ್ಜರ್ ಅಲ್ಲ. ಪ್ರತಿ ಮನೆಯ ಬಳಕೆಯನ್ನು ಗಮನಿಸಿ, ಯಾರಿಗೆ ಎಷ್ಟು ಬಿಡಬೇಕೆಂದು ತಾನೇ ಕಲಿತುಕೊಳ್ಳುವಂಥದು.

ವಿದ್ಯುತ್ ಕೋಣೆ ನೋಡಿಕೊಳ್ಳುತ್ತಿದ್ದ ಜಲಜಾ ಕುಂದರ್‌ಗೆ ಯಂತ್ರದ ಮೇಲೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಗ್ರೆಗರಿಯ ಮೇಲೆ. ಹೆಂಡತಿಯೊಂದಿಗೆ ಹೊಸದಾಗಿ ಬಂದು ನೆಲೆಸಿದ್ದ ಅವನು ಯಾರನ್ನೂ ಮನೆಯೊಳಗೆ ಕರೆಯುತ್ತಿರಲಿಲ್ಲ. ಊರಿಗೆಲ್ಲ ಕರೆಂಟು ಹೋದಾಗಲೂ ಅವನ ಮುಚ್ಚಿದ ಕಿಟಕಿಯೊಳಗೆ ಏನೋ ಗುಂಯ್‌ಗುಡುತ್ತಿತ್ತು.

“ಅವನೇ ಕದಿಯುದು ಮೇಡಂ,” ಎಂದಳು ಜಲಜಾ.

ಕಾಯುಗವನ್ನು ರೂಪಿಸಿದ ವಿಜ್ಞಾನಿ ಮೃಣಾಲಿನಿ ದೋಣಿಯಲ್ಲಿ ಬಂದು ಬೆಳಗಿನಿಂದ ತಪಾಸಣೆ ನಡೆಸಿದ್ದರು. ತಂತಿಗಳ ಬಿಗಿ ನೋಡಿದ್ದರು, ತುಕ್ಕು ಕೆರೆದಿದ್ದರು. ಈಗ ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ತಾಗಿಸಿ ಹುಬ್ಬು ಗಂಟಿಕ್ಕಿದರು.

“ವಿಚಿತ್ರ. ಫಲಕ ಖಾಲಿ ಅನ್ನುತ್ತಿದೆ, ಬ್ಯಾಟರಿ ಹಾಗೆ ಹೇಳುತ್ತಿಲ್ಲ.”

ಜಲಜಾ ಕಾಯಲಿಲ್ಲ. ಗ್ರೆಗರಿಯ ಮನೆಯ ಫ್ಯೂಸನ್ನು ಕಿತ್ತಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಶೈತ್ಯಾಗಾರ ಮತ್ತೆ ಗುಡುಗುಟ್ಟಿತು. ಕುದ್ರುವಿನ ಮನೆಮನೆಯಲ್ಲೂ ಫ್ಯಾನು ತಿರುಗಿತು. ಹೊರಗೆ ಶೈತ್ಯಾಗಾರದ ಹೆಂಗಸರು ಕೇಕೆ ಹಾಕಿದರು.

“ನೋಡಿದ್ರಾ? ನಾ ಹೇಳ್ಲಿಲ್ವಾ?”

ಮೃಣಾಲಿನಿಯ ಮುಖ ಮಾತ್ರ ಬಿಳಿಚಿಕೊಂಡಿತು. “ಜಲಜಾ, ಬ್ಯಾಟರಿ ಕ್ಷಣದಲ್ಲಿ ತುಂಬುವುದಿಲ್ಲ. ಇದೆಲ್ಲ ಒಳಗೇ ಇತ್ತು. ಕಾಯುಗ ಯಾರಿಗೋ ಅಂತ ಬಚ್ಚಿಟ್ಟಿತ್ತು, ಆ ಮನೆಯ ಫ್ಯೂಸು ಕಿತ್ತದ್ದೇ ಊರಿಗೆ ಬಿಟ್ಟಿತು. ಆ ಮನೆಯ ಬಳಕೆ ಹಗಲೂ ರಾತ್ರಿ ಒಂದೇ ಸಮ. ಯಾರದೋ ಉಸಿರಿಗೆ ಹಚ್ಚಿದ ಯಂತ್ರದ ಹಾಗೆ.”

ಜಲಜಾ ಫ್ಯೂಸನ್ನು ಹಾಗೂ ಹೀಗೂ ಕೂರಿಸಿ ಆ ಮನೆಗೆ ಓಡಿದಳು.

ಬಾಗಿಲು ತೆರೆದೇ ಇತ್ತು. ಗ್ರೆಗರಿ ಹೆಂಡತಿ ಸೆವ್ರಿನಳನ್ನು ಎದೆಗೆ ಆನಿಸಿಕೊಂಡು ಕೂತಿದ್ದ. ಅವಳ ತುಟಿ ನೀಲಿಗಟ್ಟಿತ್ತು. ಆಮ್ಲಜನಕದ ಯಂತ್ರ ಆಗಷ್ಟೇ ಮತ್ತೆ ಗುಂಯ್‌ಗುಡತೊಡಗಿತ್ತು. ಮೆಲ್ಲಗೆ ಅವಳ ಎದೆ ಏರಿಳಿಯತೊಡಗಿತು.

“ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?” ಜಲಜಾ ಕೇಳಿದಳು.

“ಹೇಳಿದ್ರೆ ಇರ್ಲಿಕ್ಕೆ ಬಿಡ್ತಿದ್ರಾ ನೀವು? ಹಗಲೂ ರಾತ್ರಿ ಕರೆಂಟು ತಿನ್ನುದು ಅಂತ ಹಿಂದಿನ ಊರಲ್ಲಿ ಬಿಡ್ಲಿಲ್ಲ,” ಎಂದ ಗ್ರೆಗರಿ.

ಸಂಜೆ ಎಲ್ಲರೂ ಸೇರಿದಾಗ ಮೃಣಾಲಿನಿ ವಿವರಿಸಿದರು. ಸ್ವಲ್ಪ ಉಳಿದಿದೆ ಎಂದು ಫಲಕ ತೋರಿಸಿದಾಗಲೆಲ್ಲ ಜನ ಅದನ್ನೂ ಬಳಸಿ ಮುಗಿಸುತ್ತಿದ್ದರು. ಬಳಕೆ ಎಂದೂ ನಿಲ್ಲದ ಆ ಒಂದು ಮನೆಗಾಗಿ ಕರೆಂಟು ಉಳಿಸಲು ಕಾಯುಗ ಕಂಡುಕೊಂಡ ದಾರಿ ಒಂದೇ: ಖಾಲಿ ಎಂದು ಸುಳ್ಳು ಹೇಳುವುದು. “ಅದು ಇದನ್ನು ಕಲಿಯುತ್ತದೆ ಎಂದು ನಾನು ಎಣಿಸಿರಲಿಲ್ಲ. ಕಲಿತದ್ದನ್ನೆಲ್ಲ ಅಳಿಸಿಬಿಡುತ್ತೇನೆ.”

“ಅಳಿಸ್ಬೇಡಿ,” ಎಂದಳು ಜಲಜಾ. “ಸುಳ್ಳು ಹೇಳುದೊಂದು ಬಿಡಿಸಿ. ಇದ್ದದ್ದನ್ನು ಇದ್ದ ಹಾಗೆ ತೋರಿಸ್ಲಿ.”

ಮರುದಿನ ಮೋಡ ಕವಿದಿತ್ತು. ಮಧ್ಯಾಹ್ನಕ್ಕೆ ಫಲಕದ ಮೇಲೆ ‘ಕಾಲು ಭಾಗ ಉಳಿದಿದೆ’ ಎಂದು ಬಂತು. ಜಲಜಾ ಅದರ ಮುಂದೆಯೇ ಕೂತಳು. ಈಗ ಅವಳ ಅನುಮಾನ ಊರಿನವರೆಲ್ಲರ ಮೇಲೆ, ತನ್ನ ಮೇಲೂ. ಫಲಕದಲ್ಲಿ ಒಂದು ಮನೆಯ ಬಳಕೆಯ ಗೆರೆ ಇಳಿಯಿತು. ಇನ್ನೊಂದರದ್ದೂ ಇಳಿಯಿತು. ಯಾರೂ ಯಾರಿಗೂ ಹೇಳಿರಲಿಲ್ಲ. ಕಡೆಗೆ ಶೈತ್ಯಾಗಾರದ ಹೆಂಗಸರು ತಾವಾಗಿ ಸ್ವಿಚ್ ಆರಿಸಿ, ಮೀನನ್ನು ಬುಟ್ಟಿಗಳಿಗೆ ತುಂಬಿ ಉಪ್ಪು ಹಾಕಲು ಕೂತರು. ಜಲಜಾ ಬಾಗಿಲು ಮುಂದೆ ಮಾಡಿ, ಸೆರಗು ಬಿಗಿದು, ಅವರ ಜೊತೆ ಕೂರಲು ಹೊರಟಳು.