ಬೆನ್ನಿಗೆ ಅಂಟದ ಮಣ್ಣು

ನವರಾತ್ರಿಯ ಪಾಡ್ಯದ ಬೆಳಿಗ್ಗೆ ಮಣಿದುರ್ಗದ ಏಳು ಬಾಗಿಲುಗಳೂ ತೆರೆದಿದ್ದವು. ರಾಜಬೀದಿಗೆ ನೀರು ಚಿಮುಕಿಸಿ ರಂಗವಲ್ಲಿ ಇಟ್ಟಿದ್ದರು. ಲಾಯದ ಮುಂದೆ ಚಿತ್ರಗಾರರು ಏಣಿ ಹತ್ತಿ ಆನೆಗಳ ಹಣೆಗೆ ಬಣ್ಣ ಬರೆಯುತ್ತಿದ್ದರು. ಕೋಟೆಯ ಬತೇರಿಗಳ ಮೇಲೆ ಹಸಿರು ಪತಾಕೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಹಬ್ಬದ ಹತ್ತನೆಯ ದಿನ, ವಿಜಯದಶಮಿಯಂದು, ಇಪ್ಪತ್ತೊಂದು ತುಂಬಿದ ಅರಸ ಬೊಮ್ಮರಸನು ರಾಜಮುದ್ರೆಯನ್ನು ತನ್ನ ಕೈಗೆ ತೆಗೆದುಕೊಳ್ಳುವವನಿದ್ದನು. ಒಂಬತ್ತು ವರ್ಷ ಅವನ ಪರವಾಗಿ ರಾಜ್ಯವಾಳಿದ ಅವನ ದೊಡ್ಡಪ್ಪ, ದಳವಾಯಿ ತಿಪ್ಪರಸನು ಅದನ್ನು ಒಪ್ಪಿಸಬೇಕಾಗಿತ್ತು.

ಅರಮನೆಯ ಹಿಂದಿನ ಗರಡಿಯಲ್ಲಿ ಮಾತ್ರ ಹಬ್ಬದ ಸದ್ದಿರಲಿಲ್ಲ. ಅಲ್ಲಿ ನಿಂಬಾಜಟ್ಟಿ ಒಬ್ಬನೇ ಕುಳಿತು ಕೆಮ್ಮಣ್ಣನ್ನು ಜರಡಿ ಹಿಡಿಯುತ್ತಿದ್ದನು. ಅರಸನಿಗೆ ಸಾಮು ಕಲಿಸುವುದು, ಅವನ ಊಟದಲ್ಲಿ ತುಪ್ಪವೆಷ್ಟು ಬಾದಾಮಿಯೆಷ್ಟು ಎಂದು ನಿಶ್ಚಯಿಸುವುದು, ದಿನವೂ ಅವನ ಮೈಗೆ ಎಣ್ಣೆ ತಿಕ್ಕುವುದು, ಇದು ಅವನ ಕಾಯಕ. ಅರಸನ ದೇಹದಲ್ಲಿ ಯಾವ ಸ್ನಾಯು ಯಾವ ಎಳೆತಕ್ಕೆ ಸೋಲುತ್ತದೆಂಬುದು ಅರಸನಿಗಿಂತ ಅವನಿಗೆ ಚೆನ್ನಾಗಿ ತಿಳಿದಿತ್ತು.

ಇನ್ನೊಂದು ಸಂಗತಿಯೂ ಅವನಿಗೆ ತಿಳಿದಿತ್ತು. ಬೊಮ್ಮರಸನು ಒಂಬತ್ತು ವರ್ಷಗಳಲ್ಲಿ ಒಂದು ಕುಸ್ತಿಯನ್ನೂ ನಿಜವಾಗಿ ಗೆದ್ದಿರಲಿಲ್ಲ.

ತಂದೆ ತೀರಿಕೊಂಡ ವರ್ಷ ಹನ್ನೆರಡರ ಬೊಮ್ಮರಸನು ಜ್ವರದಿಂದ ಸೊರಗಿ, ಯಾರೊಡನೆಯೂ ಮಾತಾಡದೆ ಗರಡಿಯ ಮೂಲೆಯಲ್ಲಿ ಕುಳಿತಿರುತ್ತಿದ್ದನು. ಒಂದು ದಿನ ನಿಂಬಾಜಟ್ಟಿ ಅವನೊಡನೆ ಪಟ್ಟು ಹಿಡಿದು, ತಾನೇ ಕಾಲು ಸಡಿಲಿಸಿ ಬಿದ್ದನು. ಅರಸನು ಎಷ್ಟೋ ತಿಂಗಳ ಬಳಿಕ ನಕ್ಕನು. ಮರುದಿನ ದಳವಾಯಿಯಿಂದ ಕೈಗೆ ತೊಡುವ ಒಂದು ಚಿನ್ನದ ತೋಡೆ ಬಂತು, ಜೊತೆಗೆ ಒಂದು ಮಾತೂ ಬಂತು: "ಪ್ರಭುಗಳ ಬೆನ್ನಿಗೆ ಎಂದೂ ಮಣ್ಣು ಅಂಟಬಾರದು." ಅಂದಿನಿಂದ ಗರಡಿಯಲ್ಲಿ ಒಂದು ಪದ್ಧತಿ ಬೆಳೆಯಿತು. ಅರಸನ ಪಟ್ಟು ಬಿಗಿಯಾದಾಗ ನಿಂಬಾಜಟ್ಟಿ ತನ್ನ ಬೆತ್ತವನ್ನು ಕಲ್ಲಿನ ಅಂಚಿಗೆ ಎರಡು ಸಲ ತಟ್ಟುವನು. ಎದುರಾಳಿ ಬೀಳುವನು. ಗುರು ಉತ್ಸಾಹದಿಂದ ತಟ್ಟುತ್ತಾನೆಂದು ಅರಸನು ತಿಳಿದಿದ್ದನು.

ಆ ಪಾಡ್ಯದ ದಿನ ಒಡ್ಡೋಲಗದಲ್ಲಿ ತಿಪ್ಪರಸನು ಪರರಾಜ್ಯದ ಮಲ್ಲನೊಬ್ಬನನ್ನು ಮುಂದೆ ನಿಲ್ಲಿಸಿದನು. ಹೆಸರು ಬಂಕಣ್ಣ. ಕಂಬದಂಥ ಆಳು.

"ಮಹಾನವಮಿಯ ಕಾಳಗಕ್ಕೆ ಈತ ಜೋಡಿ ಕೇಳುತ್ತಿದ್ದಾನೆ," ಎಂದನು ದಳವಾಯಿ. "ನಮ್ಮ ದುರ್ಗದಲ್ಲಿ ಒಂಬತ್ತು ವರ್ಷ ಒಮ್ಮೆಯೂ ಸೋಲದವರು ಒಬ್ಬರೇ ಇದ್ದಾರೆ. ಆದರೆ ಅವರನ್ನು ಕೇಳುವ ಧೈರ್ಯ ನನಗಿಲ್ಲ."

ಸಭೆ ನಕ್ಕಿತು. ಅರಸನೂ ನಕ್ಕು, ತಟ್ಟೆಯಲ್ಲಿದ್ದ ವೀಳ್ಯವನ್ನು ಎತ್ತಿಕೊಂಡನು. ವೀಳ್ಯ ಹಿಡಿದ ಮೇಲೆ ಹಿಂದೆ ಸರಿಯುವುದು ಆ ರಾಜ್ಯದಲ್ಲಿ ಇರಲಿಲ್ಲ.

ನಿಂಬಾಜಟ್ಟಿ ಮಧ್ಯಾಹ್ನ ಬಂಕಣ್ಣನ ಅಭ್ಯಾಸವನ್ನು ನೋಡಲು ಹೋದನು. ಬಂಕಣ್ಣನು ಐದು ಜನರನ್ನು ಎಸೆದನು. ಐವರನ್ನೂ ಎಡಗೈ ಸೆಳೆದು, ಅವರ ಇಡೀ ಭಾರ ಆ ಒಂದು ತೋಳಿನ ಮೇಲೆ ಬರುವಂತೆಯೇ ಎಸೆದನು. ಬೀಳಲು ಬಲ್ಲವರಾದುದರಿಂದ ಅವರು ಕೈ ಮಡಿಸಿ ಉರುಳಿಕೊಂಡರು. ಬೀಳಲು ಬಾರದವನಾಗಿದ್ದರೆ ಮೂಳೆ ಮುರಿಯುತ್ತಿತ್ತು. ಅಂಗ ಊನವಾದವನು ರಾಜಮುದ್ರೆ ಹಿಡಿಯುವಂತಿಲ್ಲವೆಂಬುದು ಮಣಿದುರ್ಗದ ಕಟ್ಟಳೆ. ಅರಸನ ನಂತರದ ಹಕ್ಕು ದಳವಾಯಿಯ ಮಗನದು.

ನಿಂಬಾಜಟ್ಟಿ ನೇರವಾಗಿ ತಿಪ್ಪರಸನ ಬಳಿಗೆ ಹೋಗಿ ಕೈಮುಗಿದನು. "ಬುದ್ಧಿ, ಈ ಕಾಳಗ ಬೇಡ. ಪ್ರಭುಗಳಿಗೆ ಬೀಳಲು ಬರುವುದಿಲ್ಲ."

"ಬರುವುದಿಲ್ಲವೆ? ಕಲಿಸಬೇಕಾದವರು ಯಾರು?" ತಿಪ್ಪರಸನು ಅಡಕೆಯ ಹೋಳನ್ನು ಬಾಯಿಗೆ ಹಾಕಿಕೊಂಡನು. "ನಿನ್ನಿಂದ ನಾನು ಹೊಸದೇನನ್ನೂ ಕೇಳುತ್ತಿಲ್ಲ, ಜಟ್ಟಿ. ಒಂಬತ್ತು ವರ್ಷ ನೀನು ಸುಮ್ಮನಿದ್ದೆ. ಇನ್ನು ಎಂಟು ದಿನ ಸುಮ್ಮನಿರು. ಬಾಯಿ ಬಿಟ್ಟರೆ ಅರಸನನ್ನು ವಂಚಿಸಿದವನು ನೀನೇ ಆಗುತ್ತೀಯೆ. ಬೆತ್ತ ನಿನ್ನ ಕೈಯಲ್ಲಿತ್ತು, ನನ್ನ ಕೈಯಲ್ಲಲ್ಲ."

ಮನೆಗೆ ಬಂದಾಗ ಅವನ ಹೆಂಡತಿ ಗೌರಾಜಮ್ಮ ಬೆಲ್ಲ ಕುಟ್ಟುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದನು. ಒಂಬತ್ತು ವರ್ಷಗಳಲ್ಲಿ ಹೇಳಿದ್ದು ಅದೇ ಮೊದಲು. ಅವಳು ಒನಕೆಯನ್ನು ಗೋಡೆಗೆ ಒರಗಿಸಿದಳು.

"ಹಾಗಾದರೆ ಈ ತೋಡೆ ನೀವು ಬಿದ್ದದ್ದಕ್ಕೆ ಕೊಟ್ಟದ್ದು," ಎಂದಳು. "ನಾನು ಇದನ್ನು ಹಾಕಿಕೊಂಡು ಊರೆಲ್ಲ ಓಡಾಡಿದೆ, ನಮ್ಮವರು ಗೆದ್ದು ಸಂಪಾದಿಸಿದ್ದೆಂದು."

"ಮೊದಲ ಸಲ ನಾನು ತೋಡೆಗಾಗಿ ಬೀಳಲಿಲ್ಲ, ಗೌರಾ. ಪ್ರಭುಗಳು ಅಳುತ್ತಿದ್ದರು."

"ಮೊದಲ ಸಲದ ಮಾತು ಇರಲಿ. ಎರಡನೆಯ ಸಲ ಯಾರು ಅಳುತ್ತಿದ್ದರು?"

ಅವಳು ತೋಡೆಯನ್ನು ಅಂಟುವಾಳದ ನೊರೆ ಹಚ್ಚಿ ಕಷ್ಟಪಟ್ಟು ಕಳಚಿ, ಅವನ ಮುಂದೆ ಇಟ್ಟಳು.

"ನಿಮ್ಮನ್ನು ಆನೆ ಕಾಲಿಗೆ ಹಾಕಿಸಿದರೆ ನನ್ನ ಗತಿಯೇನು ಅಂತ ಯೋಚಿಸಿ ಸುಮ್ಮನಿರಬೇಡಿ. ಆ ಪಾಪ ನನ್ನ ಹೆಸರಿಗೆ ಬೇಡ."

ಬಿದಿಗೆಯ ಬೆಳಿಗ್ಗೆ ಅರಸನು ಎಂದಿನಂತೆ ಎಣ್ಣೆಯ ಕಲ್ಲಿನ ಮೇಲೆ ಬೋರಲಾಗಿ ಮಲಗಿದನು. ನಿಂಬಾಜಟ್ಟಿ ಬೆಚ್ಚಗಿನ ಹರಳೆಣ್ಣೆಯನ್ನು ಅವನ ಬೆನ್ನಿಗೆ ಸುರಿದನು. ಕಲೆಯಿಲ್ಲದ, ತರಚಿದ ಗುರುತೂ ಇಲ್ಲದ ಬೆನ್ನು. ಒಬ್ಬ ಮಲ್ಲನ ಬೆನ್ನು ಹೀಗಿರಬಾರದು. ಅರಸನ ಮುಖ ಕಾಣದಿದ್ದುದರಿಂದ ಅವನಿಗೆ ಮಾತು ಬಂತು. ಬೆತ್ತದ ಸಂಗತಿ, ತೋಡೆಯ ಸಂಗತಿ, ಬಂಕಣ್ಣನ ಎಸೆತ, ದಳವಾಯಿಯ ಮಾತು, ಎಲ್ಲವನ್ನೂ ಆ ಬೆನ್ನಿಗೆ ಹೇಳಿ ಮುಗಿಸಿದನು.

ಅಂಗೈಯ ಕೆಳಗೆ ಸ್ನಾಯುಗಳು ಒಂದೊಂದಾಗಿ ಗಟ್ಟಿಯಾದವು. ಬೊಮ್ಮರಸನು ಎದ್ದು ಕುಳಿತನು.

"ಜಟ್ಟಪ್ಪನವರೇ, ನಿಮಗೆ ವಯಸ್ಸಾಯಿತು. ನಾನು ಸೋತುಬಿಟ್ಟೇನೆಂಬ ಭಯ ನಿಮ್ಮಿಂದ ಹೀಗೆ ಮಾತಾಡಿಸುತ್ತಿದೆ."

"ಇಲ್ಲ, ಬುದ್ಧಿ."

"ಕೆಂಪಜಟ್ಟಿಯನ್ನು ಕರೆಯಿರಿ."

ಕೆಂಪಜಟ್ಟಿ ಗರಡಿಯಲ್ಲಿ ಎಲ್ಲರಿಗಿಂತ ಬಲಿಷ್ಠ. ಅರಸನು ಅವನನ್ನು ವರ್ಷಕ್ಕೆ ನೂರು ಸಲವಾದರೂ ಕೆಡವಿದ್ದನು. ಇಂದು ನಿಂಬಾಜಟ್ಟಿ ಬೆತ್ತವನ್ನು ಕಟ್ಟೆಯ ಮೇಲಿಟ್ಟು, ಕೈಕಟ್ಟಿ ನಿಂತನು. ಅರಸನು ಕೆಂಪನ ಸೊಂಟ ಹಿಡಿದನು, ಕಾಲು ತೊಡರಿಸಿದನು, ಹೆಗಲು ಕೊಟ್ಟು ನೂಕಿದನು. ಕೆಂಪನು ಅಲುಗಲಿಲ್ಲ. ಗುರುವಿನ ಕಡೆ ಕಣ್ಣು ಹಾಯಿಸುತ್ತ, ಯಾಕೆ ಸನ್ನೆ ಬರಲಿಲ್ಲವೆಂದು ಗಾಬರಿಯಿಂದ ನಿಂತೇ ಇದ್ದನು.

ಅರಸನು ಪಟ್ಟು ಬಿಟ್ಟನು. ಏದುಸಿರು ಬಿಡುತ್ತ ಕಟ್ಟೆಯ ಬಳಿಗೆ ಹೋಗಿ ಬೆತ್ತವನ್ನು ಎತ್ತಿಕೊಂಡನು. ಕೆಂಪನಿಗೂ ಅವನಿಗೂ ನಡುವೆ ನಾಲ್ಕು ಮಾರು ದೂರವಿತ್ತು. ಕಲ್ಲಿಗೆ ಎರಡು ಸಲ ತಟ್ಟಿದನು.

ಕೆಂಪಜಟ್ಟಿಯ ಎಡ ಮಂಡಿ ತಾನಾಗಿಯೇ ಮಡಿಚಿಕೊಂಡಿತು. ಯಾರೂ ಮುಟ್ಟದೆ ಅವನು ಮಣ್ಣಿಗೆ ಕುಸಿದನು. ಆಮೇಲೆ ತಾನು ಮಾಡಿದ್ದೇನೆಂದು ಹೊಳೆದು, ಎರಡು ಕೈಗಳಿಂದ ಮುಖ ಮುಚ್ಚಿಕೊಂಡನು.

ಬೊಮ್ಮರಸನು ಬೆತ್ತವನ್ನು ತಿರುಗಿಸಿ ನೋಡಿದನು. ನಿಂಬಾಜಟ್ಟಿ ತೋಡೆಯನ್ನು ಅವನ ಕಾಲ ಬಳಿ ಇಟ್ಟು ಅಡ್ಡಬಿದ್ದನು.

"ಶಿಕ್ಷೆ ವಿಧಿಸಬೇಕು, ಪ್ರಭು."

"ಶಿಕ್ಷೆಯ ಮಾತು ಆಮೇಲೆ. ಏಳು ದಿನದಲ್ಲಿ ನನಗೆ ಗೆಲ್ಲುವುದನ್ನು ಕಲಿಸಬಲ್ಲಿರಾ?"

ಹೌದೆಂದರೆ ಅರಸನ ಮುಖ ಅರಳುತ್ತಿತ್ತು. ಹಾಗೆ ಅರಳಿಸುವುದು ಗುರುವಿಗೆ ಅಭ್ಯಾಸವಾಗಿದ್ದ ಕೆಲಸ. "ಇಲ್ಲ," ಎಂದನು ನಿಂಬಾಜಟ್ಟಿ. "ಬೀಳುವುದನ್ನು ಕಲಿಸಬಲ್ಲೆ. ತೋಳು ಮಡಿಸುವುದು, ಗಲ್ಲ ಎದೆಗೆ ತರುವುದು, ಅಂಗೈಗಳಿಂದ ಮಣ್ಣನ್ನು ಹೊಡೆದು ಭಾರ ಹಂಚುವುದು, ಉರುಳಿ ಏಳುವುದು. ಗರಡಿಗೆ ಬಂದವರಿಗೆ ಮೊದಲ ವಾರ ಕಲಿಸುವ ಪಾಠ. ತಮಗೆ ನಾನು ಅದನ್ನು ಕಲಿಸಲೇ ಇಲ್ಲ."

"ಸೋಲುವುದನ್ನು ಕಲಿಯಬೇಕೆಂದು ಹೇಳುತ್ತಿದ್ದೀರಿ."

"ಕೈ ಉಳಿಸಿಕೊಂಡು ಸೋಲುವುದನ್ನು."

ಅರಸನು ಕೆಮ್ಮಣ್ಣಿನ ನಡುವೆ ಬಂದು ನಿಂತನು. ನಿಂಬಾಜಟ್ಟಿ ಅವನನ್ನು ಎತ್ತಿ ಎಸೆದನು. ಅರಸನ ಬೆನ್ನು ನೆಲಕ್ಕೆ ಬಡಿದ ಆ ಮೊದಲ ಸದ್ದಿಗೆ ಎಸೆದವನ ಕಣ್ಣಲ್ಲೇ ನೀರು ಬಂತು.

ಏಳು ದಿನ ಅವನು ಎಸೆದನು, ಅರಸನು ಬಿದ್ದನು. ಮೊದಲ ದಿನ ಭುಜ ಊದಿಕೊಂಡಿತು. ಮೂರನೆಯ ದಿನ ತುಟಿ ಒಡೆಯಿತು. ಸಾಯಂಕಾಲ ಅದೇ ಗಾಯಗಳಿಗೆ ನಿಂಬಾಜಟ್ಟಿ ಅರಿಸಿನದೆಣ್ಣೆ ಹಚ್ಚುವನು. ಒಂದೊಂದು ನೀಲಿ ಕಲೆಯನ್ನು ಮುಟ್ಟುವಾಗಲೂ, ಇದು ಹನ್ನೆರಡನೆಯ ವಯಸ್ಸಿನಲ್ಲಿ ಆಗಬೇಕಾಗಿತ್ತು, ಆಗ ಮೂಳೆ ಎಳೆಯದು, ಇಷ್ಟು ನೋಯುತ್ತಿರಲಿಲ್ಲ ಎಂದುಕೊಳ್ಳುವನು. ಅರಸನು ಅವನೊಡನೆ ಪಾಠಕ್ಕೆ ಬೇಕಾದುದಕ್ಕಿಂತ ಒಂದು ಮಾತನ್ನೂ ಹೆಚ್ಚಿಗೆ ಆಡಲಿಲ್ಲ.

ಮಹಾನವಮಿಯಂದು ಅರಮನೆಯ ಮುಂದಿನ ಬಯಲು ಕಿಕ್ಕಿರಿದಿತ್ತು. ಮೂರು ಎಸೆತಗಳ ಕಾಳಗ; ಎದುರಾಳಿಯನ್ನು ಮೂರು ಸಲ ಎಸೆದವನು ಗೆದ್ದಂತೆ. ದಳವಾಯಿ ತಿಪ್ಪರಸನ ಪಕ್ಕದಲ್ಲಿ ಅವನ ಮಗ ಹೊಸ ಪಾಗು ಸುತ್ತಿಕೊಂಡು ಕುಳಿತಿದ್ದನು.

ಬಂಕಣ್ಣನು ಮೊದಲ ಹಿಡಿತದಲ್ಲೇ ಅರಸನ ಎಡ ಮಣಿಕಟ್ಟನ್ನು ಸೆಳೆದು ಎಸೆದನು. ಜನ ಹೋ ಎಂದು ಕೂಗಿದರು. ಗಾಳಿಯಲ್ಲೇ ಅರಸನು ಕೈ ಮಡಿಸಿದನು. ಬಲ ಅಂಗೈ ಮಣ್ಣಿಗೆ ಬಡಿಯಿತು, ದೇಹ ಉರುಳಿತು, ಅವನು ಎದ್ದು ನಿಂತನು. ಬಂಕಣ್ಣನ ಹುಬ್ಬು ಗಂಟಿಕ್ಕಿತು. ಎರಡನೆಯ ಸಲ ಇನ್ನೂ ಎತ್ತರದಿಂದ ಎಸೆದನು. ಅರಸನು ಉರುಳಿ ಎದ್ದನು. ಮೂರನೆಯ ಸಲ ಭುಜದ ಮೇಲಿಂದ ಬೀಸಿ ನೆಲಕ್ಕೆ ಅಪ್ಪಳಿಸಿದನು. ಆಗ ಅರಸನು ಮೂರು ಉಸಿರಿನಷ್ಟು ಹೊತ್ತು ಏಳಲಿಲ್ಲ. ಕಲ್ಲುಕಂಬದ ಬಳಿ ನಿಂತಿದ್ದ ನಿಂಬಾಜಟ್ಟಿಯ ಬೆರಳುಗಳು ಬೆತ್ತವನ್ನು ಹುಡುಕಿದವು. ಅದು ಅವನ ಕೈಯಲ್ಲಿರಲಿಲ್ಲ.

ಬೊಮ್ಮರಸನು ಎದ್ದನು. ಬೆನ್ನೆಲ್ಲ ಕೆಂಪು ಮಣ್ಣು.

ಬಂಕಣ್ಣನು ಬಾಗಿ ಅರಸನ ಕಾಲು ಮುಟ್ಟಿದನು. "ಕಾಳಗ ನಾನು ಗೆದ್ದೆ, ಸ್ವಾಮಿ. ಆದರೆ ನಾನು ಬಂದ ಕೆಲಸ ಆಗಲಿಲ್ಲ," ಎಂದು ಮೆಲ್ಲನೆ ಹೇಳಿ ದಳವಾಯಿಯ ಕಡೆ ನೋಡಿದನು.

ಅರಸನು ಮಣ್ಣನ್ನು ಒರೆಸಿಕೊಳ್ಳದೆ ವೇದಿಕೆ ಹತ್ತಿದನು. ಎರಡೂ ತೋಳುಗಳನ್ನು ತಿಪ್ಪರಸನ ಮುಖದ ಮುಂದೆ ಚಾಚಿ, ಬೆರಳುಗಳನ್ನು ಬಿಡಿಸಿ ತೋರಿಸಿದನು.

"ಸರಿಯಾಗಿ ನೋಡಿಕೊಳ್ಳಿ, ದೊಡ್ಡಪ್ಪನವರೇ. ನಾಳೆ ಮುದ್ರೆ ಕೊಡುವಾಗ ಅನುಮಾನ ಬರಬಾರದು."

ಜನ ನಕ್ಕರು. ತಿಪ್ಪರಸನು ನಗಲು ಪ್ರಯತ್ನಿಸಿದನು. ಮರುದಿನ ಮುದ್ರೆ ಕೈ ಬದಲಾಯಿತು. ಅದರ ಮೊದಲ ಗುರುತು ಬಿದ್ದದ್ದು, ದಳವಾಯಿಯನ್ನೂ ಅವನ ಮಗನನ್ನೂ ಗಡಿಯ ಕೋಟೆಗೆ ಕಳುಹಿಸುವ ನಿರೂಪದ ಮೇಲೆ.

ಏಕಾದಶಿಯ ಬೆಳಿಗ್ಗೆ ನಿಂಬಾಜಟ್ಟಿ ಗರಡಿಯಲ್ಲಿ ತನ್ನ ಶಿಕ್ಷೆಗಾಗಿ ಕಾದು ನಿಂತನು. ಅರಸನು ಒಬ್ಬನೇ ಬಂದನು. ಬೆತ್ತ ಅವನ ಕೈಯಲ್ಲಿತ್ತು. ಅದನ್ನು ಗರಡಿಯ ದೇವರ ಗೂಡಿನ ಪಕ್ಕದಲ್ಲಿ, ಬಂದವರಿಗೆಲ್ಲ ಕಾಣುವಂತೆ ನಿಲ್ಲಿಸಿದನು.

"ಇದು ಇಲ್ಲೇ ಇರುತ್ತದೆ. ಯಾರೂ ತೆಗೆಯಕೂಡದು. ನೀವು ದಿನವೂ ಇದರ ಮುಂದೆಯೇ ಪಾಠ ಹೇಳಬೇಕು. ಶಿಕ್ಷೆ ಅಷ್ಟೆ."

"ಪ್ರಭು, ಇದಕ್ಕಿಂತ ಆನೆಯ ಕಾಲೇ ಹಗುರವಾಗುತ್ತಿತ್ತು."

"ಗೊತ್ತು." ಅರಸನು ಅವನ ಕಡೆ ತಿರುಗಿದನು. "ಒಂದು ಮಾತು ಕೇಳುತ್ತೇನೆ, ಜಟ್ಟಪ್ಪನವರೇ. ಮೊದಲ ಸಲ ನಿಮ್ಮನ್ನು ಕೆಡವಿದ ದಿನ ನಾನು ಅಪ್ಪಾಜಿಯ ಸಮಾಧಿಗೆ ಓಡಿಹೋಗಿ ಹೇಳಿ ಬಂದೆ, ನಾನು ಗೆದ್ದೆ ಅಂತ. ಉಳಿದವೆಲ್ಲ ಸುಳ್ಳಾಗಲಿ. ಅದೊಂದಾದರೂ ನಿಜವೆ?"

ಅಂದಿನ ಆ ಹುಡುಗನ ಕಣ್ಣುಗಳೇ ನೋಡುತ್ತಿದ್ದವು. ಒಂದೇ ಒಂದು ಮಾತಿನಿಂದ ಆ ಹುಡುಗನನ್ನು ಉಳಿಸಬಹುದಾಗಿತ್ತು. ಗೂಡಿನ ಪಕ್ಕದಲ್ಲಿ ಬೆತ್ತ ನಿಂತಿತ್ತು.

"ಇಲ್ಲ, ಬುದ್ಧಿ," ಎಂದನು ನಿಂಬಾಜಟ್ಟಿ. "ಅದೂ ನಾನೇ ಬಿದ್ದದ್ದು."

ಬೊಮ್ಮರಸನು ತಲೆ ತಗ್ಗಿಸಿದನು. ಬಾಗಿ ಒಂದು ಹಿಡಿ ಕೆಮ್ಮಣ್ಣು ತೆಗೆದುಕೊಂಡು ತನ್ನ ಭುಜಗಳಿಗೆ ಉಜ್ಜಿಕೊಂಡನು. ಇನ್ನೊಂದು ಹಿಡಿಯನ್ನು ಗುರುವಿನ ಕೈಗೆ ಸುರಿದನು.

"ಬನ್ನಿ," ಎಂದನು. "ಮೊದಲ ವಾರದ ಪಾಠ ಮುಗಿದಿದೆ. ಎರಡನೆಯ ವಾರದ್ದು ಏನು?"

ನಿಂಬಾಜಟ್ಟಿ ಅರಸನ ಸೊಂಟ ಹಿಡಿದು, ತನ್ನ ಶಕ್ತಿಯನ್ನೆಲ್ಲ ಕೂಡಿಸಿ, ಎತ್ತಿ ಎಸೆದನು. ಅರಸನ ಎರಡು ಅಂಗೈಗಳು ಮಣ್ಣಿಗೆ ಬಡಿದ ಸದ್ದು ಗರಡಿಯ ಕಲ್ಲುಗೋಡೆಗಳಲ್ಲಿ ಸ್ಪಷ್ಟವಾಗಿ ಕೇಳಿಸಿತು.