ನೀಲಿ ದೀಪದ ನಲವತ್ತು ಮಂದಿ

ಗದಿಗೆಪ್ಪನನ್ನು ಕಂಡರೆ ಮೆಣಸಿನಕಾಯಿಗೇ ಕಣ್ಣೀರು ಬರುತ್ತಿತ್ತು. ಬ್ಯಾಡಗಿಯ ಖಾರದ ಪುಡಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೇಸ್ತ್ರಿಯಾಗಿದ್ದರೂ ಅವನ ಕಣ್ಣಿಂದ ಒಂದು ಹನಿ ಉದುರಿರಲಿಲ್ಲ. ಒಮ್ಮೆ ಮಾತ್ರ ಸೀನಿದ್ದ. ಆ ರಭಸಕ್ಕೆ ಹಾವೇರಿ ಕಡೆಯಿಂದ ಬರುತ್ತಿದ್ದ ರೈಲು ಹತ್ತು ಮಾರು ಹಿಂದಕ್ಕೆ ಸರಿದಿತ್ತು. ಇದನ್ನೆಲ್ಲ ಊರಿಗೆ ಹೇಳಿದವನು ಗದಿಗೆಪ್ಪನೇ ಆದ್ದರಿಂದ ಸಾಕ್ಷಿಯ ಕೊರತೆಯೇನೂ ಇರಲಿಲ್ಲ.

ಅದು ೨೦೫೮. ಕಾರ್ಖಾನೆಯಲ್ಲಿ ಎಲ್ಲರ ಮೂಗಿನ ಮೇಲೂ ಒಂದೇ ಬಗೆಯ ಕನ್ನಡಕ. ಧಾರವಾಡದ ವಿಜ್ಞಾನಿ ಡಾ. ಸುನೇತ್ರಾ ಹಾವನೂರ ಕಂಡುಹಿಡಿದದ್ದು. ಖಾರಕ್ಕೆ ಬರುವ ಕಣ್ಣೀರು ಬರೀ ತೊಳೆಯುವ ನೀರು. ದುಃಖದ ಕಣ್ಣೀರಿನಲ್ಲಿ ಪ್ರೋಟೀನು ಹೆಚ್ಚು, ಕೆಲವು ಹಾರ್ಮೋನುಗಳೂ ಬೆರೆತಿರುತ್ತವೆ. ಕನ್ನಡಕದ ಕೆಳಅಂಚಿನಲ್ಲಿದ್ದ ಕೂದಲೆಳೆಯಂಥ ಪಟ್ಟಿ ಹನಿಯ ರುಚಿ ನೋಡುತ್ತಿತ್ತು. ಖಾರವಾದರೆ ಸುಮ್ಮನಿರುತ್ತಿತ್ತು. ದುಃಖವಾದರೆ ಹುಬ್ಬುಗಳ ನಡುವೆ ಸಾಸಿವೆ ಗಾತ್ರದ ನೀಲಿ ದೀಪ ಹೊತ್ತಿಕೊಳ್ಳುತ್ತಿತ್ತು. ಬಣ್ಣಕ್ಕೆ ಬ್ಯಾಡಗಿ ಕಾಯಿ, ಖಾರಕ್ಕೆ ಗುಂಟೂರು ಕಾಯಿ ಎಂದು ಎರಡನ್ನೂ ಕುಟ್ಟುವ ಜಾಗ ಅದು. ದಿನವಿಡೀ ಎಲ್ಲರೂ ಕಣ್ಣೊರೆಸಿಕೊಳ್ಳುವಲ್ಲಿ ನಿಜವಾಗಿ ಅಳುತ್ತಿರುವವರು ಯಾರೆಂದು ಇನ್ನು ಹೇಗೆ ತಿಳಿಯಬೇಕು?

ದೀಪ ಕಂಡ ಜೊತೆಗಾರರು ಮಾಡಬೇಕಾದದ್ದು ಇಷ್ಟೇ: ಪಕ್ಕದಲ್ಲಿ ಕೂರುವುದು, ಏನಾಯಿತೆಂದು ಕೇಳುವುದು, ಬುದ್ಧಿ ಹೇಳದೆ ಕಿವಿಗೊಡುವುದು, ಬೇಕಾದರೆ ವೈದ್ಯರ ತನಕ ಜೊತೆಗೆ ಹೋಗುವುದು. ಗಾಯಕ್ಕೆ ಪಟ್ಟಿ ಕಟ್ಟಿದಂತೆ ಮನಸ್ಸಿಗೂ ಪ್ರಥಮ ಚಿಕಿತ್ಸೆ. ಇದರ ತರಬೇತಿಗೆ ಗದಿಗೆಪ್ಪನೇ ಗುರುವಾದ. ಕಿವಿಗೊಡುವುದು ಹೇಗೆ ಎಂಬ ವಿಷಯದ ಮೇಲೆ ಯಾರಿಗೂ ಬಾಯಿ ತೆರೆಯಲು ಬಿಡದೆ ನಾಲ್ಕು ಗಂಟೆ ಮಾತಾಡಿದ. ಆಮೇಲೆ ಒಬ್ಬ ಹಮಾಲನನ್ನು ಸುಳ್ಳುಸುಳ್ಳೇ ಅಳಲು ಕೂರಿಸಿ ಅಭ್ಯಾಸ ಮಾಡಿಸಿದರೆ, ಹತ್ತು ನಿಮಿಷದಲ್ಲಿ ಅವನಿಗೆ ಹತ್ತೊಂಬತ್ತು ಬುದ್ಧಿಮಾತು ಬಂದು ಬಿದ್ದವು. ತೊಟ್ಟು ಬಿಡಿಸುವ ಜೈತುನಬಿಯಂತೂ ಅವನಿಗೆ ಹೆಣ್ಣನ್ನೇ ಗೊತ್ತುಮಾಡಿಬಿಟ್ಟಳು. ಅವನಿಗೆ ಆಗಲೇ ಮದುವೆಯಾಗಿತ್ತು. ಪರೀಕ್ಷೆಯಲ್ಲಿ ನಪಾಸಾದವಳು ಅವಳೊಬ್ಬಳೇ.

ಗದಿಗೆಪ್ಪ ತನ್ನ ಕನ್ನಡಕದ ನಡುವೆ ಕರಿ ಟೇಪಿನ ಒಂದು ಬೊಟ್ಟು ಅಂಟಿಸಿಕೊಂಡಿದ್ದ. ತನ್ನಂಥ ಧೀರನಿಗೆ ದೃಷ್ಟಿಯಾಗಬಾರದಂತೆ.

ಆರು ತಿಂಗಳ ನಂತರ ಸುನೇತ್ರಾ ಬಂದರು. ಅಂದು ಯಂತ್ರ ತೊಳೆಯುವ ದಿನ. ಕಣಜ, ಕುಟ್ಟಣಿ, ನೆಲ ಎಲ್ಲ ತೊಳೆದು ಶೆಡ್ಡು ಥಳಥಳ ಹೊಳೆಯುತ್ತಿತ್ತು. ಐವತ್ತೊಂದು ಸಲ ದೀಪ ಹೊತ್ತಿದೆ ಎಂದು ಅವರ ಕಂಪ್ಯೂಟರ್ ಹೇಳುತ್ತಿತ್ತು. ಹನ್ನೊಂದು ಸಲ ಜೊತೆಗಾರರು ಹೋಗಿ ಕೂತು ಮಾತಾಡಿಸಿದ್ದು ವರದಿಯಾಗಿತ್ತು. ಉಳಿದ ನಲವತ್ತು?

ನಲವತ್ತನ್ನೂ ತಾನೇ ನೋಡಿಕೊಂಡೆ ಎಂದ ಗದಿಗೆಪ್ಪ. ಒಬ್ಬ ನೀರಿನ ಟ್ಯಾಂಕು ಹತ್ತಿ ಕೂತಿದ್ದ. ತಾನು ಕೆಳಗಿನಿಂದ ಎಂಥ ಕಿವಿಗೊಟ್ಟೆನೆಂದರೆ ಅವನು ತನ್ನ ಮಾತಿನ ಮೇಲೇ ಜಾರಿಕೊಂಡು ಇಳಿದು ಬಂದ. ಇನ್ನೊಬ್ಬಳ ದುಃಖ ಮೂರು ಹಗಲು ಮುಗಿಯಲಿಲ್ಲ. ಅಷ್ಟೂ ಹೊತ್ತು ತಾನು ರೆಪ್ಪೆ ಬಡಿಯಲಿಲ್ಲ. ಸುನೇತ್ರಾ ಬರೆದುಕೊಂಡದ್ದೇ ಬರೆದುಕೊಂಡದ್ದು. ಈ ನಲವತ್ತರ ಬಲದಿಂದಲೇ ನಾಡಿನ ಎಲ್ಲ ಕಾರ್ಖಾನೆಗಳಿಗೂ ಕನ್ನಡಕ ಕೊಡಿಸಬೇಕೆಂದು ಅವರು ನಾಳೆ ಬೆಂಗಳೂರಿನಲ್ಲಿ ವಾದಿಸುವವರಿದ್ದರು. ಆ ನಲವತ್ತರಲ್ಲಿ ಒಬ್ಬರನ್ನಾದರೂ ತೋರಿಸಿ ಎಂದು ಕೇಳಿದರು.

ಒಬ್ಬ ಕಾಶಿಗೆ ಹೋಗಿದ್ದ. ಒಬ್ಬಳು ಗುಂಟೂರಿಗೆ ಸೊಸೆಯಾಗಿ ಹೋಗಿದ್ದಳು. ಇಲ್ಲೇ ಇದ್ದವರು ಈಗ ಎಷ್ಟು ಸುಖವಾಗಿದ್ದರೆಂದರೆ ಅವರ ಗುರುತೇ ಸಿಗುತ್ತಿರಲಿಲ್ಲ.

ಸುನೇತ್ರಾ ನಕ್ಕು, ಕಂಪ್ಯೂಟರಿನಲ್ಲಿ ಹೆಸರಿಲ್ಲ, ಆದರೆ ಕನ್ನಡಕದ ಸಂಖ್ಯೆಯಿದೆ ಎಂದು ಒಂದು ಗುಂಡಿ ಒತ್ತಿದರು. ನಲವತ್ತು ಸಾಲು ಮೂಡಿತು. ನಲವತ್ತರಲ್ಲೂ ಒಂದೇ ಸಂಖ್ಯೆ. ಒಂದು.

"ಒಂದನೇ ನಂಬರ ಯಾರದು?"

ಶೆಡ್ಡಿನಲ್ಲಿದ್ದವರೆಲ್ಲ ಮೇಸ್ತ್ರಿಯ ಕಡೆ ತಿರುಗಿದರು.

"ಯಂತ್ರ ಕೆಟ್ಟೈತ್ರೀ ಮೇಡಮ್ಮಾರ," ಎಂದ ಗದಿಗೆಪ್ಪ. "ನನ್ನ ದೀಪ ಹತ್ತಿದ್ದು ಯಾರರ ನೋಡೀರೇನು?"

ಯಾರೂ ನೋಡಿರಲಿಲ್ಲ. ಜೈತುನಬಿ ಬಂದು ಅವನ ಪಕ್ಕದ ಚೀಲದ ಮೇಲೆ ಕೂತಳು. ಸಾವಿರಾರು ಮೂಟೆ ಕಾಯಿಯ ತೊಟ್ಟು ಬಿಡಿಸಿದ ಉಗುರಿನಿಂದ ಅವನ ದೃಷ್ಟಿಬೊಟ್ಟನ್ನು ಕೆರೆದು ಕಿತ್ತಳು. ಸಾಸಿವೆಯಷ್ಟು ನೀಲಿ ಬೆಳಕು ಅವಳ ಬೆರಳ ಮೇಲೆ ಬಿತ್ತು.

"ಏನಾತಣ್ಣಾ?"

"ಏನಿಲ್ಲ ಬಿಡವಾ. ಮೆಣಸಿನಕಾಯಿ."

ತೊಳೆದ ಶೆಡ್ಡಿನಲ್ಲಿ ಅಂದು ಒಂದು ಬೀಜವೂ ಇರಲಿಲ್ಲ. ಇರುವೆ ಕೂಡ ಸೀನುವಂತಿರಲಿಲ್ಲ. ಜೈತುನಬಿ ಅದನ್ನು ಹೇಳಲಿಲ್ಲ. ನಿದ್ದೆಯಲ್ಲೂ ಬಾಯಿ ಮುಚ್ಚದವಳು ಸುಮ್ಮನೆ ಕೂತಳು. ಸುನೇತ್ರಾ ಪೆನ್ನು ಕೆಳಗಿಟ್ಟರು. ಯಂತ್ರ ನಲವತ್ತು ಸಲ ಕಂಡದ್ದನ್ನು ಮನುಷ್ಯರೊಬ್ಬರು ಕೇಳಿದ್ದು ಇದೇ ಮೊದಲು. ಈ ಕನ್ನಡಕ ಬರುವ ಮೊದಲು, ಯಾರ ಹುಬ್ಬಿನ ನಡುವೆಯೂ ದೀಪವಿಲ್ಲದಿದ್ದಾಗ, ಜನ ಹೀಗೇ ಪಕ್ಕದಲ್ಲಿ ಕೂತು ಕೇಳಿಯೇ ತಿಳಿದುಕೊಳ್ಳುತ್ತಿದ್ದರೇನೋ ಎಂದು ಅವರಿಗೆ ಅನಿಸಿತು.

ಗದಿಗೆಪ್ಪ ಕಿತ್ತ ಬೊಟ್ಟನ್ನು ಅವಳ ಬೆರಳಿಂದ ತೆಗೆದುಕೊಂಡ.

"ಮೈಲಾರಪ್ಪನೂ ಹಿಂಗ ಅಂದಿದ್ದ," ಎಂದ. "ಇಪ್ಪತ್ತು ವರ್ಷ ನನ್ನ ಜೋಡಿ ರೊಟ್ಟಿ ತಿಂದಾವ. ಹ್ವಾದ ವರ್ಷ ಒಂದಿನ ಕಣ್ಣು ಒರಿಸ್ಕೋತ ಕುಂತಿದ್ದ. ಏನಲೇ ಅಂದೆ. ಮೆಣಸಿನಕಾಯಿ ಅಂದ. ಹೌದೇಳು ಅಂತಂದು ನಾ ನನ್ನ ಸೀನಿನ ಕತಿ ಚಾಲೂ ಮಾಡಿದೆ. ಅಂವ ಪೂರಾ ಕೇಳಿ, ನಕ್ಕು, ಎದ್ದು ಹ್ವಾದ. ಮರುದಿವಸ ಬರಲಿಲ್ಲ. ಎಲ್ಲಿ ಹ್ವಾದ, ಏನಾದ, ಇವತ್ತಿಗೂ ಯಾರಿಗೂ ಗೊತ್ತಿಲ್ಲ."

ಜೈತುನಬಿ ಅವನ ಕಡೆ ಇನ್ನಷ್ಟು ಸರಿದು ಕೂತಳು.

"ಅಂವ ಕುಂತಿದ್ದು ಬ್ಯಾಡಗಿ ಕಾಯಿ ರಾಶಿ ಮುಂದ. ಬರೇ ಬಣ್ಣ ಅದು, ಖಾರ ಎಲ್ಲೈತಿ? ಮೂವತ್ತೊಂದು ವರ್ಷ ಮೆಣಸಿನಕಾಯಿ ಕಂಡಾವ ನಾ. ನನಗರ ತಿಳೀಬೇಕಿತ್ತು."

ಅವನು ಕನ್ನಡಕ ತೆಗೆದು, ಬರಿಗಣ್ಣನ್ನು ಅಂಗೈಯಿಂದ ಒರೆಸಿಕೊಂಡ. ಆಮೇಲೆ ಸುನೇತ್ರಾ ಅವರ ಪುಸ್ತಕದ ಕಡೆ ಕೈ ತೋರಿಸಿದ.

"ಅದನ್ನೆಲ್ಲಾ ಹೊಡೆದು ಹಾಕ್ರೀ ಮೇಡಮ್ಮಾರ. ಆ ನಲವತ್ತು ಮಂದಿನೂ ನಾನ." ಇದ್ದದ್ದನ್ನೆಲ್ಲ ಹೇಳಿಯೇ ಬಿಡುವವನಂತೆ ಸೇರಿಸಿದ: "ಮತ್ತ ಆ ರೈಲು… ಅದೂ ಹಿಂದಕ್ಕ ಸರಿದಿಲ್ರೀ."